ಏಳನೇ ನಂಬರ್ ಬಸ್ಸಿನ ಪ್ರಶ್ನೆ

ಅಮೆರಿಕದ ಮಿನ್ನೆಸೋಟ ರಾಜ್ಯದ ಒಂದು ಪುಟ್ಟ ಊರಿನಲ್ಲಿ ಮೇಯರ್ ಚುನಾವಣೆಗೆ ಇನ್ನು ಹತ್ತೇ ದಿನ. ಗ್ರಂಥಾಲಯದ ಸಭಾಂಗಣದಲ್ಲಿ ಅಭ್ಯರ್ಥಿ ಗ್ರಾಂಟ್ ಹಾಲಿಸ್ಟರ್ ಭಾಷಣ ಬಿಗಿಯುತ್ತಿದ್ದ. ಅದನ್ನು ಕಿವಿ ಕೇಳದವರಿಗೆ ಸನ್ನೆಭಾಷೆಯಲ್ಲಿ ಹೇಳುವ ಕೆಲಸ ನೊರೀನ್‌ಳದು. ಅಂಥವರು ನಾಲ್ವರು ಮುಂದಿನ ಸಾಲಿನಲ್ಲಿದ್ದರು. ಅವರಲ್ಲೊಬ್ಬ ವರ್ನನ್ ಟಟಲ್, ನಲವತ್ತು ವರ್ಷ ಪತ್ರಿಕೆಯೊಂದರಲ್ಲಿ ಅಚ್ಚುಮೊಳೆ ಜೋಡಿಸಿದ್ದ ಮುದುಕ.

"ನಮ್ಮ ಮೌಲ್ಯಗಳು! ನಮ್ಮ ಮಕ್ಕಳ ಉಜ್ವಲ ನಾಳೆ! ಬನ್ನಿ, ಬೆಳಕಿನ ದಾರಿಯಲ್ಲಿ ಒಟ್ಟಾಗಿ ನಡೆಯೋಣ!"

ಚಪ್ಪಾಳೆಯೋ ಚಪ್ಪಾಳೆ. ನೊರೀನ್ ಆಸ್ಪತ್ರೆ, ಕೋರ್ಟುಗಳಲ್ಲೆಲ್ಲ ಇದೇ ಕೆಲಸ ಮಾಡಿದವಳು. ಆದರೆ ಇವನ ಮಾತಿನಲ್ಲಿ ಯಾರು, ಎಲ್ಲಿ, ಏನು ಎಂಬುದು ಸಿಗದೆ ಕೈ ಸೋತುಹೋಗಿತ್ತು.

ವರ್ನನ್ ಕೈಯೆತ್ತಿ ಸನ್ನೆಯಲ್ಲಿ ಕೇಳಿದ. "ಏನಮ್ಮಾ, ಆಗಿಂದ ಬೆಳಕು, ದಾರಿ, ಬೆಳಕು, ದಾರಿ ಅಂತಾನೇ ಇದೀಯ. ಮಧ್ಯ ಏನಾದ್ರೂ ನುಂಗಿಬಿಟ್ಯಾ?"

ನೊರೀನ್‌ಗೆ ಚುರುಕ್ಕೆಂದಿತು. "ಒಂದಕ್ಷರಾನೂ ಬಿಟ್ಟಿಲ್ಲ ಅಜ್ಜಾ. ಅವರು ಹೇಳಿದ್ದೇ ಅಷ್ಟು."

ನಾಲ್ವರ ಭುಜವೂ ನಗುವಿನಲ್ಲಿ ಕುಣಿಯಿತು. "ಏನಂತೆ ಅವರದು?" ಎಂದ ಗ್ರಾಂಟ್. ಕೇಳಿದ್ದನ್ನು ಕೇಳಿದಂತೆ ಹೇಳುವುದು ಅವಳ ವೃತ್ತಿಧರ್ಮ. ವರ್ನನ್‌ನ ಪ್ರಶ್ನೆ, ತನ್ನ ಉತ್ತರ ಎರಡನ್ನೂ ಮೈಕಿನಲ್ಲಿ ಹೇಳಿಯೇಬಿಟ್ಟಳು. ಸಭೆ ಘೊಳ್ಳೆಂದಿತು. ಗ್ರಾಂಟನ ಕಿವಿ ಕೆಂಪಾಯಿತು.

ವರ್ನನ್ ಬಿಡಲಿಲ್ಲ. "ಏಳನೇ ನಂಬರ್ ಬಸ್ ನಿಲ್ಲಿಸಿಬಿಟ್ಟಿದಾರೆ. ನೀನು ಗೆದ್ರೆ ಮತ್ತೆ ಓಡುತ್ತಾ?"

"ಹಿರಿಯರೇ, ಚಲಿಸುವ ಊರೇ ಬೆಳೆಯುವ ಊರು..."

"ಊರು ಇದ್ದಲ್ಲೇ ಇರ್ಲಿ ಬಿಡಪ್ಪ. ಬಸ್ಸು ಚಲಿಸುತ್ತಾ?"

ಗ್ರಾಂಟ್ ಕೈಯಲ್ಲಿದ್ದ ಹಾಳೆಯನ್ನು ಹಿಂದುಮುಂದು ತಿರುಗಿಸಿದ. ಅದರಲ್ಲಿ ಬಸ್ಸಿರಲಿಲ್ಲ. "ಗೊತ್ತಿಲ್ಲ ಸರ್," ಎಂದ ಕೊನೆಗೆ. "ಆ ವಿಚಾರ ನಾನು ನೋಡೇ ಇಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ನೊರೀನ್‌ಳ ಕೈಗಳು ಮಾತ್ರ ಆ ಸಂಜೆ ಮೊದಲ ಬಾರಿಗೆ ಸಲೀಸಾಗಿ ಆಡಿದವು.

"ನೋಡ್ಕೊಂಡು ಬಾ," ಎಂದ ವರ್ನನ್. "ಬುಧವಾರ ಬೆಳಿಗ್ಗೆ ಚೌಕದ ಕಾಫಿ ಅಂಗಡೀಲಿ ಸಿಗ್ತೀನಿ."

ಗ್ರಾಂಟ್ ನಿಜಕ್ಕೂ ಬಂದ, ವೇಳಾಪಟ್ಟಿ ಹಿಡಿದುಕೊಂಡು. ಬೆಳಿಗ್ಗೆ ಎರಡು ಬಸ್ಸು ಬಿಡಿಸಬಹುದು, ಸಂಜೆಯದು ಆಗದು ಎಂದ. ವರ್ನನ್ ಒಂದು ಗಂಟೆ ಜಗಳವಾಡಿದ. ಇಬ್ಬರ ಮಾತನ್ನೂ ಸನ್ನೆ ಮಾಡಿ ತಿಳಿಸುತ್ತ ನಡುವೆ ಕೂತಿದ್ದ ನೊರೀನ್‌ಳ ಕಾಫಿ ಆರಿಹೋಯಿತು. ಅವಳಿಗದು ನೆನಪೇ ಆಗಲಿಲ್ಲ.

ಗ್ರಾಂಟ್ ಮೂವತ್ತೊಂದು ಮತಗಳಿಂದ ಗೆದ್ದ. ಜನವರಿಯಲ್ಲಿ ಬೆಳಗಿನ ಎರಡೂ ಬಸ್ಸು ಓಡತೊಡಗಿದವು. ಸಂಜೆ ವರ್ನನ್ ಹಿಮದಲ್ಲಿ ನಡೆದೇ ಮನೆಗೆ ಹೋಗುತ್ತಾನೆ, ದಾರಿಯುದ್ದಕ್ಕೂ ಎರಡೂ ಕೈಯಲ್ಲಿ ಮೇಯರನನ್ನು ಬೈಯುತ್ತ.