ಏಳನೇ ಫೀಡರ್

ಇನ್ನು ಮುಂದೆ ದೇಶದಲ್ಲಿ ಕರೆಂಟು ಹೋಗುವುದಿಲ್ಲವೆಂದು ಸರ್ಕಾರ ಘೋಷಿಸಿ ನಾಲ್ಕು ತಿಂಗಳಾಗಿತ್ತು. ಕರೆಂಟು ಹೋಗುವುದೇನೂ ನಿಂತಿರಲಿಲ್ಲ. ಯಾವಾಗ ಹೋಗುತ್ತದೆಂದು ಹೇಳುವುದು ಮಾತ್ರ ನಿಂತಿತ್ತು. ಮೊದಲೆಲ್ಲ ಪತ್ರಿಕೆಯ ಮೂರನೇ ಪುಟದಲ್ಲಿ ಪಟ್ಟಿ ಬರುತ್ತಿತ್ತು, ಯಾವ ಬಡಾವಣೆಗೆ ಎಷ್ಟರಿಂದ ಎಷ್ಟರವರೆಗೆ ಕಡಿತ ಎಂದು. ಜನ ಬಾಯಿಗೆ ಬಂದಂತೆ ಬೈಯುತ್ತಲೇ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುತ್ತಿದ್ದರು. ಈಗ ಕಡಿತವೇ ಇಲ್ಲ ಅಂದಮೇಲೆ ಇಲ್ಲದ ವಸ್ತುವಿಗೆ ಪಟ್ಟಿ ಎಲ್ಲಿಂದ ತರುವುದು? ಲಾಗ್‌ಬುಕ್ಕಿನಲ್ಲಿ ‘ಕಡಿತ’ ಎಂದು ಬರೆಯುತ್ತಿದ್ದ ಜಾಗದಲ್ಲಿ ಈಗ ‘ದುರಸ್ತಿ’ ಎಂದು ಬರೆಯಬೇಕು. ಯಾರಾದರೂ ಫೋನು ಮಾಡಿದರೆ ಹೇಳಬೇಕಾದ ಒಂದೇ ಒಂದು ವಾಕ್ಯವನ್ನು ಮೇಲಿನವರು ಅಚ್ಚು ಹಾಕಿಸಿ ಫೋನಿನ ಪಕ್ಕದಲ್ಲೇ ಅಂಟಿಸಿದ್ದರು: “ಲೈನ್ ದುರಸ್ತಿ ನಡೀತಿದೆ, ಸಹಕರಿಸಿ.”

ಇದನ್ನು ದಿನಕ್ಕೆ ನೂರು ಸಲ ಹೇಳುತ್ತಿದ್ದವನು ಸಬ್‌ಸ್ಟೇಷನ್ನಿನ ಆಪರೇಟರ್. ಅವನ ಬೀದಿಯವರು ಅವನಿಗೆ ‘ಕತ್ತಲೆ ಸಾಹೇಬ’ ಎಂದು ಹೆಸರಿಟ್ಟಿದ್ದರು. ಇಪ್ಪತ್ತೆರಡು ವರ್ಷದಿಂದ ಅದೇ ಕೋಣೆ, ಗೋಡೆಯುದ್ದಕ್ಕೂ ಅದೇ ಬೂದುಬಣ್ಣದ ಪೆಟ್ಟಿಗೆಗಳು, ಒಂದೊಂದರ ಮೇಲೂ ಒಂದು ಫೀಡರಿನ, ಅಂದರೆ ಒಂದು ಬಡಾವಣೆಗೆ ಕರೆಂಟು ಒಯ್ಯುವ ಲೈನಿನ ಅಂಕಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬಡಾವಣೆ ಪೂರ್ತಿ ತನ್ನ ಎರಡು ಬೆರಳಿಗೆ ಆರಿಹೋಗುವುದನ್ನು ಕಿಟಕಿಯಿಂದ ನೋಡಿ ಒಂದು ವಾರ ಸರಿಯಾಗಿ ಊಟ ಮಾಡಿರಲಿಲ್ಲ. ಆಮೇಲೆ ಕಿಟಕಿಗೆ ಬೆನ್ನು ಹಾಕಿ ಕುರ್ಚಿ ತಿರುಗಿಸಿಕೊಂಡ. ಆಮೇಲೆ ಅದೂ ಬೇಕಾಗಲಿಲ್ಲ. ನಾಲ್ಕನೆಯದು, ಐದನೆಯದು, ಏಳನೆಯದು, ಅಷ್ಟೇ. ಅಂಕಿಗಳಿಗೆ ಮುಖ ಇರುವುದಿಲ್ಲ, ಅವನಿಗೂ ಅದೇ ಬೇಕಾಗಿತ್ತು.

ಅವನ ಅಕ್ಕನ ಮನೆ ಇದ್ದದ್ದು ಏಳನೇ ಫೀಡರಿನಲ್ಲಿ. ಅವನು ಇದ್ದದ್ದೂ ಅಲ್ಲೇ, ಮಹಡಿಯ ಮೇಲಿನ ಒಂದು ಕೋಣೆಯಲ್ಲಿ. ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನಾಲ್ಕು. ಅಂದಿನಿಂದ ಅವನ ಹೊಟ್ಟೆ ಬಟ್ಟೆ ನೋಡಿಕೊಂಡವಳು ಅವಳೇ. ಅಕ್ಕನ ಹಣೆಬರಹವನ್ನು ಮೂರು ಸರ್ಕಾರಗಳು ಒಂದರ ಹಿಂದೊಂದು ತಿದ್ದಿದ್ದವು. ಒಂದು ಸರ್ಕಾರ ಹೊರದೇಶದ ನೂಲಿನ ಮೇಲಿನ ಸುಂಕ ತೆಗೆಯಿತು, ಭಾವ ದುಡಿಯುತ್ತಿದ್ದ ನೂಲಿನ ಗಿರಣಿ ಆರೇ ತಿಂಗಳಲ್ಲಿ ಬೀಗ ಹಾಕಿಕೊಂಡಿತು. ಅದರ ಮುಂದಿನ ಸರ್ಕಾರ ‘ಮನೆಗೊಂದು ಉದ್ಯಮ’ ಅಂತ ಹೊರಟು ಅಕ್ಕನಿಗೆ ಮೊಟ್ಟೆಗೆ ಕಾವು ಕೊಡುವ ಮೆಷಿನ್ನು ಕೊಟ್ಟಿತು. ಬೀರುವಿನಷ್ಟು ಎತ್ತರದ ಮೆಷಿನ್ನು, ಒಂದು ಸಲಕ್ಕೆ ಒಂಬೈನೂರು ಮೊಟ್ಟೆ. ಬಾಗಿಲ ಮೇಲೆ ಅಂದಿನ ನಾಯಕರು ಹಲ್ಲು ಬಿಟ್ಟು ನಗುವ ಚಿತ್ರ. ಈಗಿನ ಸರ್ಕಾರ ಊರ ಹೊರಗೆ ರಫ್ತು ವಲಯ ತೆರೆದು, ಅಲ್ಲಿನ ಕಂಪನಿಗಳಿಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ಕರೆಂಟು ಕೊಡುತ್ತೇವೆಂದು ಒಪ್ಪಂದ ಮಾಡಿಕೊಂಡು ಬಂತು. ಇರುವುದೇ ಅಷ್ಟು ಕರೆಂಟು. ಅಲ್ಲಿಗೆ ಕೊಡಬೇಕಾದರೆ ಇಲ್ಲಿ ತೆಗೆಯಬೇಕು. ಭಾವ ಈಗ ಅದೇ ವಲಯದ ಗೇಟಿನಲ್ಲಿ ಕಾವಲುಗಾರ. ಅಲ್ಲಿ ಹಗಲು ಹೊತ್ತಲ್ಲೂ ದೀಪ ಉರಿಯುತ್ತವೆ ಅಂತ ಬಂದು ಹೇಳುತ್ತಿದ್ದ.

ಆದರೂ ಅಕ್ಕ ಆ ಮೆಷಿನ್ನು ನಡೆಸುವುದನ್ನು ಕಲಿತಳು. ಬೀದಿಯ ಮಕ್ಕಳು ಅವಳನ್ನು ‘ಮರಿಯಕ್ಕ’ ಅನ್ನತೊಡಗಿದವು. ಮೆಷಿನ್ನಿನೊಳಗಿನ ಬಿಸಿ ಕೈಯಿಟ್ಟ ಕೂಡಲೇ ಗೊತ್ತಾಗುತ್ತಿತ್ತು ಅವಳಿಗೆ. ಪಟ್ಟಿ ಇದ್ದ ಕಾಲದಲ್ಲಿ ಒಂದು ಮರಿಯೂ ಕೆಡುತ್ತಿರಲಿಲ್ಲ. ಕಡಿತ ಒಂದು ಗಂಟೆಯದಾದರೆ ಬಾಗಿಲು ಭದ್ರ ಮಾಡಿ ಮೇಲೆ ಕಂಬಳಿ ಹೊದಿಸಿ ಕೂರುವುದು, ಬಾಗಿಲು ತೆಗೆಯಲೇಬಾರದು. ಅದಕ್ಕಿಂತ ಹೆಚ್ಚಿನದಾದರೆ ಮೊದಲೇ ಟ್ರೇಗಳನ್ನು ಹೊತ್ತುಕೊಂಡು ಎದುರಿನ ಬೇಕರಿಗೆ ಹೋಗುವುದು. ಒಲೆಯ ಹಿಂದಿನ ಕೋಣೆ ಸದಾ ಬೆಚ್ಚಗಿರುತ್ತಿತ್ತು, ಬೇಕರಿಯವನೂ ಒಳ್ಳೆಯವನು. ಪಟ್ಟಿ ನಿಂತಮೇಲೆ ಎರಡು ಸಲ ಮೊಟ್ಟೆ ಹಾಳಾದವು. ಮರಿ ಕೊಳ್ಳುವ ಫಾರಮ್ಮಿನವನು ಈ ಸಲ ಕಡ್ಡಿ ಮುರಿದಂತೆ ಹೇಳಿದ್ದ, ಇದೊಂದು ಸಲ ನೋಡುತ್ತೇನೆ, ಆಮೇಲೆ ವಲಯದೊಳಗಿನ ದೊಡ್ಡ ಕಂಪನಿಯಿಂದಲೇ ತರಿಸಿಕೊಳ್ಳುತ್ತೇನೆ ಎಂದು.

ಆ ದಿನ ಇಪ್ಪತ್ತೊಂದನೆಯ ದಿನ. ಮರಿ ಹೊರಬರುವ ದಿನ. ಚಳಿಗಾಲದ ಬೆಳಗಿನ ಐದೂವರೆಗೆ ಅವನು ಕೆಲಸಕ್ಕೆ ಹೊರಟಾಗ ಅಕ್ಕ ಮೆಷಿನ್ನಿಗೆ ಕಿವಿಯಿಟ್ಟು ನಿಂತಿದ್ದಳು.

“ಕೇಳಿಲ್ಲಿ. ಚಿಪ್ಪಿನೊಳಗಿಂದಲೇ ಎಷ್ಟು ಮಾತಾಡ್ತಿವೆ ನೋಡು. ಮದುವೆ ಮನೆ ಆದಂಗಾಗಿದೆ.”

ಅವನೂ ಕಿವಿಯಿಟ್ಟ. ಚಿಂವ್ ಚಿಂವ್ ಎಂದು ಸಣ್ಣಗೆ, ನೂರಾರು.

“ಇವತ್ತು ಕರೆಂಟು ತೆಗೀತಾರಾ?”

“ನಂಗೆ ಹೆಂಗೆ ಗೊತ್ತಾಗ್ಬೇಕಕ್ಕ. ಎರಡು ನಿಮಿಷ ಮುಂಚೆ ಫೋನ್ ಬರುತ್ತೆ.”

“ನಿಲ್ಲಿಸು ಅಂತ ನಾನೇನೂ ಕೇಳ್ತಿಲ್ಲಪ್ಪ. ಹೋದ್ರೆ ನಾನೇ ಅಲ್ಲಿಗೆ ಫೋನ್ ಮಾಡ್ತೀನಿ. ಸಣ್ಣದಾದ್ರೆ ನೀನು ಏನು ಬೇಕಾದ್ರೂ ಹೇಳು. ದೊಡ್ಡದಾದ್ರೆ ಮಾತ್ರ, ‘ಊಟಕ್ಕೆ ಬರಲ್ಲ’ ಅನ್ನು. ಅಷ್ಟೇ. ಯಾರು ಕೇಳಿಸ್ಕೊಂಡ್ರೂ ಅನುಮಾನ ಬರಲ್ಲ. ಟ್ರೇ ಎತ್ಕೊಂಡು ಬೇಕರಿಗೆ ಓಡ್ತೀನಿ.”

ಕಂಟ್ರೋಲ್ ರೂಮಿನ ಫೋನುಗಳೆಲ್ಲ ರೆಕಾರ್ಡ್ ಆಗುತ್ತಿದ್ದವು. ಮೊಬೈಲುಗಳನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು. ಬೇರೊಂದು ಸ್ಟೇಷನ್ನಿನಲ್ಲಿ ಒಬ್ಬ, ಯಾರೋ ಗೋಗರೆದರೆಂದು ‘ನಾಲ್ಕು ಗಂಟೆ ಬರಲ್ಲಮ್ಮ’ ಅಂದುಬಿಟ್ಟು ಮನೆಯಲ್ಲಿ ಕೂತಿದ್ದ. ಅಕ್ಕನಿಗೆ ಅದೆಲ್ಲ ಗೊತ್ತಿತ್ತು. ತಮ್ಮನ ನೌಕರಿಗೆ ಕುತ್ತು ಬಾರದ ಹಾಗೆ ರಾತ್ರಿಯೆಲ್ಲ ಯೋಚಿಸಿ ಆ ಮಾತನ್ನು ಹುಡುಕಿದ್ದಳು.

“ಆಯ್ತಕ್ಕ,” ಎಂದ ಅವನು. “ಹೇಳ್ತೀನಿ.”

ಎಂಟೂ ಐವತ್ತೆಂಟಕ್ಕೆ ಮೇಲಿನಿಂದ ಫೋನು ಬಂತು. ಆ ದನಿಯ ಮುಖವನ್ನು ಅವನು ಈವರೆಗೂ ನೋಡಿರಲಿಲ್ಲ.

“ಏಳನೇ ಫೀಡರ್. ಒಂಬತ್ತರಿಂದ ಮೂರು.”

ಆದೇಶವನ್ನು ತಿರುಗಿ ಹೇಳಬೇಕು, ಅದು ಪದ್ಧತಿ. “ಏಳನೇ ಫೀಡರ್. ಒಂಬತ್ತರಿಂದ ಮೂರು.”

“ಸರಿ.”

ಸ್ವಿಚ್ ತಿರುಗಿಸಿದ. ಎಂದಿನಂತೆ ಧಡ್ ಎಂದಿತು, ಕರೆಂಟು ಹರಿಯುತ್ತಿದೆ ಎನ್ನುವ ಕೆಂಪು ದೀಪ ಹೋಗಿ ನಿಂತಿದೆ ಎನ್ನುವ ಹಸಿರು ಬಂತು. ಲಾಗ್‌ಬುಕ್ಕಿನಲ್ಲಿ ‘ದುರಸ್ತಿ’ ಎಂದು ಬರೆದ. ಅವನ ಎದೆಯೇನೂ ಧಸಕ್ಕೆನ್ನಲಿಲ್ಲ. ಅಕ್ಕ ಫೋನು ಮಾಡುತ್ತಾಳೆ, ಹೇಳಿದರಾಯಿತು ಎಂದುಕೊಂಡ.

ಅಷ್ಟರಲ್ಲಿ ಫೋನು ಹೊಡೆದುಕೊಳ್ಳತೊಡಗಿತು. “ಲೈನ್ ದುರಸ್ತಿ ನಡೀತಿದೆ, ಸಹಕರಿಸಿ.” ಇಟ್ಟ. ಮತ್ತೆ ಹೊಡೆಯಿತು. “ಲೈನ್ ದುರಸ್ತಿ ನಡೀತಿದೆ, ಸಹಕರಿಸಿ.” ಒಬ್ಬ ದರ್ಜಿ ಬೈದ, ಒಬ್ಬಳು ಅತ್ತಳು, ಒಬ್ಬ ಮುದುಕ ‘ನಿಮ್ಮ ವಂಶ ಬೆಳಗಲಿ’ ಅಂತ ವ್ಯಂಗ್ಯವಾಡಿದ. ಅವನ ಕೈ ಎತ್ತುತ್ತಿತ್ತು, ಬಾಯಿ ಹೇಳುತ್ತಿತ್ತು, ಕೈ ಇಡುತ್ತಿತ್ತು. ಕಿವಿಗೆ ಇದರಲ್ಲಿ ಕೆಲಸವೇ ಇರಲಿಲ್ಲ. ಹತ್ತು ಹದಿನೈದು ಕರೆಗಳಾದ ಮೇಲೆ ಫೋನು ಒಂದು ಗಳಿಗೆ ಸುಮ್ಮನಾದಾಗ, ಲೋಟ ಎತ್ತಿ ನೀರು ಕುಡಿಯಲು ಹೋದವನಿಗೆ ಹಿಂದಿನ ಯಾವುದೋ ಕರೆಯಲ್ಲಿ ಯಾರೋ “ತಮ್ಮಾ?” ಅಂದದ್ದು ನೆನಪಾಯಿತು.

ಮೂರನೆಯದೋ ನಾಲ್ಕನೆಯದೋ ಇರಬೇಕು. ತಮ್ಮಾ, ಅಂದಿದ್ದಳು. ಅವನು ಸಹಕರಿಸಿ ಅಂದು ಇಟ್ಟಿದ್ದ.

ಕೂಡಲೇ ಫೋನು ಕೈಗೆತ್ತಿಕೊಂಡ. ಮನೆಯ ನಂಬರಿನ ನಾಲ್ಕು ಅಂಕಿ ಒತ್ತಿದ್ದ, ಬಾಗಿಲು ತೆರೆದು ಅಧಿಕಾರಿ ಒಳಗೆ ಬಂದರು. ಆವತ್ತು ಊರಿನಲ್ಲಿ ದೊಡ್ಡ ಸಮಾವೇಶ, ದೇಶದ ಮುಂದಿನ ಇಪ್ಪತ್ತೈದು ವರ್ಷಗಳ ಬಗ್ಗೆ. ಸಭಾಂಗಣ ಇದ್ದದ್ದು ಎರಡನೇ ಫೀಡರಿನಲ್ಲಿ. ಅದಕ್ಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಲು ಅವರನ್ನು ಕಳಿಸಿದ್ದರು.

“ಎರಡನೆಯದು ಸರಿ ಇದೆಯೇನ್ರೀ?”

“ಇದೆ ಸರ್.”

“ಯಾರಿಗೆ ಫೋನು?”

“ಯಾರಿಗೂ ಇಲ್ಲ ಸರ್.”

ಇಟ್ಟುಬಿಟ್ಟ. ನಿಜ ಹೇಳಬೇಕೆಂದರೆ ಆ ಮನುಷ್ಯ ಸುಮ್ಮನೆ ಕೇಳಿದ್ದು. ‘ಮನೆಗೆ ಸರ್, ಊಟಕ್ಕೆ ಬರಲ್ಲ ಅಂತ ಹೇಳ್ಬೇಕು’ ಅಂದಿದ್ದರೆ ‘ಹೇಳ್ರಿ ಮಾರಾಯ್ರೇ’ ಅನ್ನುತ್ತಿದ್ದರೋ ಏನೋ. ಅವನ ನಾಲಿಗೆಗೆ ಬೇರೆ ಮಾತು ಮರೆತುಹೋಗಿತ್ತು. ಅಧಿಕಾರಿ ಕಾಲು ಚಾಚಿ ಕೂತು ಟಿವಿ ಹಾಕಿದರು. ಪರದೆಯ ಮೇಲೆ ಮಂತ್ರಿಗಳು, ಅವರ ಹಿಂದೆ ಮೇಲಕ್ಕೇರುವ ಒಂದು ಗೆರೆ. ಇಪ್ಪತ್ತೈದು ವರ್ಷದಲ್ಲಿ ನಾವು ಎಲ್ಲಿರುತ್ತೇವೆ ಗೊತ್ತೇ ಎಂದು ಅವರು ಕೇಳಿದರು. ಸಭೆ ಚಪ್ಪಾಳೆ ತಟ್ಟಿತು.

“ಚೆನ್ನಾಗಿ ಮಾತಾಡ್ತಾರೆ ಅಲ್ವೇನ್ರೀ?”

“ಹೌದು ಸರ್.”

ಹತ್ತಾಯಿತು. ಅಕ್ಕ ಜಾಣೆ, ಗಂಟೆ ಮೀರಿದ ಕೂಡಲೇ ತಾನಾಗಿಯೇ ಅರ್ಥ ಮಾಡಿಕೊಂಡಿರುತ್ತಾಳೆ ಎಂದುಕೊಂಡ. ಹನ್ನೊಂದಾಯಿತು. ಇಷ್ಟು ಹೊತ್ತಿಗೆ ಬೇಕರಿ ಸೇರಿಕೊಂಡಿರುತ್ತಾಳೆ. ಹನ್ನೆರಡಾಯಿತು. ಅಧಿಕಾರಿ ಎರಡು ಸಲ ಹೊರಗೆ ಹೋಗಿ ಸಿಗರೇಟು ಸೇದಿ ಬಂದರು. ಆ ಎರಡೂ ಸಲ ಫೋನು ಅವನ ಕೈಯಳತೆಯಲ್ಲೇ ಇತ್ತು. ಈಗ ಹೇಳಿ ಏನು ಪ್ರಯೋಜನ ಎಂಬ ಹೊತ್ತು ಯಾವಾಗ ಬಂತೆಂದು ಅವನಿಗೇ ತಿಳಿಯಲಿಲ್ಲ. ಬಂದದ್ದು ಮಾತ್ರ ತಿಳಿಯಿತು, ಒಂದು ರೀತಿ ಹಗುರವೂ ಆಯಿತು. ಥೂ, ಹಗುರವಾಗಬಾರದಾಗಿತ್ತು.

ಎರಡು ಗಂಟೆಗೆ ಮುಂದಿನ ಪಾಳಿಯವನು ಬಂದ. ಅವನಿಗೆ ಪಾಳಿ ಒಪ್ಪಿಸಿ ಇವನು ಸೈಕಲ್ ತುಳಿದುಕೊಂಡು ಮನೆ ಸೇರಿದಾಗ ಎರಡೂವರೆ. ಮೊದಲು ಬೇಕರಿಯ ಕಡೆ ನೋಡಿದ. ಬೇಕರಿಯವನು ಬಾಗಿಲಲ್ಲಿ ಬರಿಗೈಯಲ್ಲಿ ನಿಂತಿದ್ದ. ಅವನನ್ನು ನೋಡಿ ಒಳಗೆ ಹೋದ.

ಅಕ್ಕ ಮೆಷಿನ್ನಿನ ಬಾಗಿಲಿಗೆ ಬೆನ್ನು ಒತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಮನೆಯಲ್ಲಿದ್ದ ಕಂಬಳಿ, ಜಮಖಾನ, ಭಾವನ ಕೋಟು, ಅವನ ಹಾಸಿಗೆ ಎಲ್ಲ ಮೆಷಿನ್ನಿನ ಮೈಮೇಲೆ. ಅವಳು ಮಾತ್ರ ತೆಳು ಸೀರೆಯಲ್ಲಿ ನಡುಗುತ್ತಿದ್ದಳು.

“ಬಾಗಿಲು ಹಾಕು, ಗಾಳಿ ಬರುತ್ತೆ. ಊಟಕ್ಕೆ ಬಂದ್ಯಾ? ಬಂದೇ ಬರ್ತೀಯ ಅಂತ ಗೊತ್ತಿತ್ತು. ತಟ್ಟೆ ಹಾಕ್ಕೊಂಡು ನೀನೇ ಬಡಿಸ್ಕೋ, ನಾನು ಏಳೋ ಹಾಗಿಲ್ಲ.”

“ಅಕ್ಕ, ಬೇಕರಿಗೆ…”

“ಹತ್ತೂವರೆಗೇ ಬಂದಿದ್ದ ಪಾಪ, ‘ಕೊಡು ಮರಿಯಕ್ಕ, ನಾನೇ ಎತ್ಕೊಂಡು ಹೋಗ್ತೀನಿ’ ಅಂತ. ಬೇಡಪ್ಪ ಅಂದೆ. ಸ್ವಿಚ್ ಹತ್ರ ನನ್ನ ತಮ್ಮನೇ ಕೂತಿದಾನೆ, ದೊಡ್ಡದಾಗಿದ್ರೆ ನಂಗೆ ಹೇಳದೆ ಇರ್ತಿದ್ನಾ ಅಂದೆ. ಹನ್ನೊಂದಕ್ಕೂ ಬಂದ. ಈಗ ತೆಗೆದ್ರೆ ಇರೋ ಶಾಖವೂ ಹೋಗುತ್ತೆ, ಇನ್ನೇನು ಬಂದ್ಬಿಡುತ್ತೆ ಅಂದೆ. ಸಿಟ್ಟು ಮಾಡ್ಕೊಂಡು ಹೋದ.”

ಅವನು ಮೆಷಿನ್ನಿಗೆ ಕಿವಿಯಿಟ್ಟ. ಏನೂ ಕೇಳಲಿಲ್ಲ. ಕಂಬಳಿ ದಪ್ಪವಿದೆ ಎಂದು ಸರಿಸಿ ಮತ್ತೆ ಇಟ್ಟ.

“ಮಲಗಿರ್ಬೇಕು,” ಎಂದಳು ಅಕ್ಕ. “ಬೆಳಿಗ್ಗೆಯಿಂದ ಅರಚಿ ಅರಚಿ ಸುಸ್ತಾಗಿವೆ.”

ಕಡಿತ ಆರು ಗಂಟೆಯದೆಂದು ಈಗ ಹೇಳಬಹುದಾಗಿತ್ತು. ಇಲ್ಲಿ ರೆಕಾರ್ಡು ಇರಲಿಲ್ಲ, ಅಧಿಕಾರಿ ಇರಲಿಲ್ಲ. ತಟ್ಟೆ ಹಾಕಿಕೊಂಡ. ಬಡಿಸಿಕೊಂಡ. ನೆಲದ ಮೇಲೆ ಅಕ್ಕನ ಕಾಲ ಹತ್ತಿರ ಕೂತು ತಿಂದ. ಅನ್ನ ಗಂಟಲಲ್ಲಿ ಸರಾಗವಾಗಿ ಇಳಿಯುತ್ತಿದ್ದುದೇ ಅವನಿಗೆ ಹೆದರಿಕೆ ಹುಟ್ಟಿಸಿತು.

ಸರಿಯಾಗಿ ಮೂರಕ್ಕೆ ಕರೆಂಟು ಬಂತು. ಬಲ್ಬು ಹತ್ತಿತು, ಮೆಷಿನ್ನಿನ ಫ್ಯಾನು ಗುಂಯ್ಯೆಂದಿತು. ಅಕ್ಕ ಎರಡೂ ಕೈಯಿಂದ ಮುಖ ಒರೆಸಿಕೊಂಡು ಎದ್ದಳು.

“ನೋಡಿದ್ಯಾ! ಹೇಳಲಿಲ್ವಾ ನಾನು? ಏನಾಗಿತ್ತಂತೆ ಅಷ್ಟೊತ್ತು?”

ಕೇಳಿದ್ದು ಅಕ್ಕ. ಮನೆಯಲ್ಲಿ ಇಬ್ಬರೇ ಇದ್ದರು. ಅವನು ಬಾಯಿ ತೆರೆದ.

“ಲೈನ್ ದುರಸ್ತಿ ನಡೀತಿತ್ತಕ್ಕ.”

ಅಕ್ಕ ನಂಬಿದಳು. ಕಂಬಳಿಗಳನ್ನು ಒಂದೊಂದಾಗಿ ಎಳೆದು ಬದಿಗಿಟ್ಟಳು. ಮರಿ ತುಂಬಲು ತಂದಿಟ್ಟಿದ್ದ ರಟ್ಟಿನ ಪೆಟ್ಟಿಗೆಗಳನ್ನು ಕಾಲಿನಿಂದ ಹತ್ತಿರ ಸರಿಸಿಕೊಂಡಳು.

“ಬಾ, ನಿನ್ನ ಕೈಯಿಂದಲೇ ತೆಗಿ,” ಎಂದು ಮೊದಲ ಟ್ರೇ ಹಿಡಿಯಲು ಎರಡೂ ಕೈ ಚಾಚಿ ನಿಂತಳು.