ಹೂತಿಟ್ಟ ಹಾಲಿನ ಪುಡಿ

"ಎತ್ತಿ ಹಾಕು ಅಂದ್ರೆ ಬಿಚ್ಚಿ ನೋಡ್ತೀಯೇನೇ ಲೌಡಿ? ಮುಟ್ಬೇಡ್ವೇ ಅದನ್ನ!"

ಅಪ್ಪಯ್ಯಣ್ಣ ಗುಂಡಿಯ ದಡದಿಂದಲೇ ಕೂಗಿ ಮಣ್ಣಹೆಂಟೆಯೊಂದನ್ನು ಬೀಸಿದ. ಅದು ಮುನಿತಾಯಮ್ಮನ ಭುಜಕ್ಕೆ ಬಡಿದು ಪುಡಿಯಾಯಿತು. ಒಡೆದ ಪೆಟ್ಟಿಗೆಯಿಂದ ಉರುಳಿ ಬಂದಿದ್ದ ತಗಡಿನ ಡಬ್ಬವನ್ನು ಅವಳು ಕೈಬಿಟ್ಟಳು. ಡಬ್ಬದ ಮೇಲೆ ಕೆನ್ನೆ ಉಬ್ಬಿದ ಬೆಳ್ಳನೆಯ ಮಗುವೊಂದು ನಗುತ್ತಿತ್ತು.

ಅರಿಶಿನಕುಂಟೆಯ ಆಚೆ, ಹೆದ್ದಾರಿಗೆ ಕೂಗಳತೆಯಲ್ಲಿ, ಅಪ್ಪಯ್ಯಣ್ಣನ ಹೊಲದಲ್ಲಿದ್ದ ಹಳೆಯ ಕಲ್ಲುಗುಂಡಿ ಅದು. ಬೆಂಗಳೂರಿನಿಂದ ಎರಡು ಲಾರಿ ಬಂದಿದ್ದವು. ಮುನಿತಾಯಮ್ಮ, ಅವಳ ಗಂಡ ಸೊಣ್ಣಪ್ಪ, ಕೇರಿಯ ಇನ್ನೂ ಆರು ಮಂದಿ ಬೆಳಗಿನಿಂದ ಪೆಟ್ಟಿಗೆ ಹೊತ್ತು ಗುಂಡಿಗೆ ಎಸೆಯುತ್ತಿದ್ದರು. ಲಾರಿಯ ಜೊತೆ ಬಂದಿದ್ದ ಹೆಲ್ತ್ ಇನ್ಸ್‌ಪೆಕ್ಟರು ಸಂಜೀವಪ್ಪ ಹುಣಸೆಮರದ ನೆರಳಿನಲ್ಲಿ ಕೂತಿದ್ದ.

"ಇದ್ಯಾಕ್ ಸ್ವಾಮಿ ಮಣ್ಣುಪಾಲು ಮಾಡ್ತಾವ್ರೆ?" ಸೊಣ್ಣಪ್ಪ ಕೇಳಿದ.

"ಹಳೇ ಮಾಲು," ಎಂದ ಸಂಜೀವಪ್ಪ.

"ವಾಸ್ನೆ ಏನೂ ಬರಲ್ವಲ್ಲಾ?"

"ನಿಂಗೆ ಕೂಲಿ ಕೊಡೋದು ಹೂಳಾಕೋ ಮೂಸಾಕೋ? ಮುಚ್ಕೊಂಡು ಕೆಲ್ಸ ನೋಡ್ಲಾ," ಎಂದು ಅಪ್ಪಯ್ಯಣ್ಣ ಗದರಿದ.

ಪ್ರತಿ ಡಬ್ಬವನ್ನೂ ಹಾರೆಯಿಂದ ತೂತು ಹೊಡೆದು, ಸೀಮೆಎಣ್ಣೆ ಸುರಿದು ಸುಟ್ಟು, ಮೇಲೆ ಆಳುದ್ದ ಮಣ್ಣು ಮುಚ್ಚಬೇಕೆಂದು ಸರ್ಕಾರದ ಕಾಗದದಲ್ಲಿತ್ತು. ಸೀಮೆಎಣ್ಣೆ ಸಿಗದ ಕಾಲ. ಲಾರಿಯಿಂದ ಇಳಿದ ಎರಡು ಡ್ರಮ್ಮೂ ನೇರವಾಗಿ ಅಪ್ಪಯ್ಯಣ್ಣನ ಎತ್ತಿನ ಗಾಡಿ ಹತ್ತಿದವು. ಸಂಜೀವಪ್ಪ ಬೇರೆ ಕಡೆ ನೋಡಿದ. ಗೇಣುದ್ದ ಮಣ್ಣು ಬಿದ್ದ ಕೂಡಲೇ ಅವನು ಫೈಲು ಬಿಚ್ಚಿ, ಸಾಕ್ಷಿಗೆಂದು ಗಂಡಹೆಂಡಿರನ್ನು ಕರೆದ.

"ಇದ್ರಾಗೆ ಏನ್ ಬರ್ದೈತೆ ಸ್ವಾಮಿ?"

"ಕೆಲ್ಸ ಮಾಡಿ ಮುಗಿಸಿದ್ದೀವಿ ಅಂತ. ಒತ್ತಮ್ಮ ಬೇಗ."

ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಸಂಜೀವಪ್ಪ ಮಸಿಯ ಪೆಟ್ಟಿಗೆಯನ್ನು ಅವರ ಕೈ ತಾಕದಂತೆ ಕಡ್ಡಿಯಿಂದ ತನ್ನತ್ತ ಎಳೆದುಕೊಂಡ.

ಮುನಿತಾಯಮ್ಮನ ಮಗಳು ಪಾಪಮ್ಮ ಹೆರಿಗೆಗೆಂದು ಗಂಡನ ಊರು ಸಾಸಲಿನಿಂದ ತವರಿಗೆ ಬಂದಿದ್ದಳು. ಹಡೆದ ಮೇಲೆ ಜ್ವರ ಹಿಡಿದು ಅವಳ ಹಾಲು ಬತ್ತಿಹೋಗಿತ್ತು. ಎರಡು ತಿಂಗಳ ಗಂಡುಮಗು ರಾಗಿಗಂಜಿಯ ತಿಳಿಯಲ್ಲಿ ಜೀವ ಹಿಡಿದಿತ್ತು. ಅಳುವುದಕ್ಕೂ ತ್ರಾಣವಿಲ್ಲದೆ ಬೆಕ್ಕಿನ ಮರಿಯಂತೆ ಮುಲುಗುತ್ತಿತ್ತು. ಹಿಂದಿನ ವಾರ ಮುನಿತಾಯಮ್ಮ ಅಪ್ಪಯ್ಯಣ್ಣನ ಹಿತ್ತಿಲಲ್ಲಿ ಹಾಲಿಗೆಂದು ಲೋಟ ಹಿಡಿದು ನಿಂತಾಗ ಅವನ ಹೆಂಡತಿ ವರಲಕ್ಷ್ಮಮ್ಮ, "ಕರೂಗೇ ಸಾಲ್ತಾ ಇಲ್ಲ, ನಿಮ್ ಮಗೀಗೆ ಎಲ್ಲಿಂದ ತರಾನೆ?" ಎಂದು ಬಾಗಿಲು ಹಾಕಿಕೊಂಡಿದ್ದಳು.

'ಮುಟ್ಟಬೇಡಿ' ಎಂಬ ಮಾತು ಕೇರಿಯವರಿಗೆ ಹೊಸದಲ್ಲ. ಊರಬಾವಿಯ ಬಳಿ, ಹೋಟೆಲಿನ ಲೋಟದ ಬಳಿ, ಗುಡಿಯ ಹೊಸ್ತಿಲ ಬಳಿ ಹುಟ್ಟಿದಾಗಿನಿಂದ ಕೇಳಿದ್ದು. ಡಬ್ಬದ ಮಾತೂ ಅಂಥದ್ದೇ ಎಂದುಕೊಂಡಳು ಮುನಿತಾಯಮ್ಮ. ಮೂರನೆಯ ದಿನ ನಡುಮಧ್ಯಾಹ್ನ ಸೌದೆಗೆಂದು ಹೋದವಳು ಗುಂಡಿ ಕೆದಕಿ, ಪುರಲೆಯ ಹೊರೆಯೊಳಗೆ ನಾಲ್ಕು ಡಬ್ಬ ತಂದಳು.

ಆದರೂ ಹಾಗೇ ಕುಡಿಸಿಬಿಡಲಿಲ್ಲ. ಮೊದಲು ತಾನೊಂದು ಹಿಡಿ ಪುಡಿ ಬಾಯಿಗೆ ಹಾಕಿಕೊಂಡಳು. ಸಿಹಿಯಾಗಿತ್ತು, ಅಂಗುಳಕ್ಕೆ ಅಂಟಿಕೊಂಡಿತು. ಮಾರನೆಯ ದಿನದವರೆಗೆ ಕಾದಳು. ಹೊಟ್ಟೆಗೆ ಏನೂ ಆಗಲಿಲ್ಲ. ಆಮೇಲೆ ನೀರು ಕಾಯಿಸಿ, ಪುಡಿ ಕದಡಿ, ಒಳಲೆಯಲ್ಲಿ ಮಗುವಿನ ಬಾಯಿಗೆ ಬಿಟ್ಟಳು. ಮಗು ಗುಟುಕು ಗುಟುಕಾಗಿ ಕುಡಿಯಿತು.

"ಅವ್ವಾ, ನೋಡ್ಬಾರವ್ವಾ. ನಗ್ತಾವ್ನೆ," ಎಂದಳು ಪಾಪಮ್ಮ.

ಎರಡು ದಿನ ಆ ಗುಡಿಸಲಿನಲ್ಲಿ ಎಲ್ಲರಿಗೂ ನಿದ್ದೆ ಬಂತು. ಮೂರನೆಯ ಬೆಳಿಗ್ಗೆ ಮಗು ಕುಡಿದದ್ದನ್ನೆಲ್ಲ ಕಾರಿಕೊಂಡಿತು. ಹೊತ್ತು ಏರುವಷ್ಟರಲ್ಲಿ ಭೇದಿಗೆ ಶುರುವಾಗಿ ನೆತ್ತಿ ಗುಳಿಬಿತ್ತು.

ನೆಲಮಂಗಲದ ಆಸ್ಪತ್ರೆಯಲ್ಲಿ ನರ್ಸು ಅನುಸೂಯಮ್ಮ ಮುನಿತಾಯಮ್ಮನ ಕೈಲಿದ್ದ ಡಬ್ಬ ನೋಡಿ ಹೌಹಾರಿದಳು.

"ಇದನ್ನ ಕುಡಿಸಿದ್ರಾ? ಇದು ವಾಪಸ್ ತಗೊಂಡಿರೋ ಮಾಲು ಕಣಮ್ಮಾ! ಬೆಂಗಳೂರಲ್ಲಿ ಮಕ್ಕಳು ಕಾಯಿಲೆ ಬಿದ್ವು ಅಂತ ಪೇಪರಲ್ಲಿ ಹಾಕಿದ್ರು, ರೇಡಿಯೋದಲ್ಲಿ ಹೇಳಿದ್ರು. ವ್ಯಾನಿಗೆ ಮೈಕು ಕಟ್ಕೊಂಡು ಬೀದಿ ಬೀದಿ ಸಾರಿದ್ರು. ಅಂಗಡಿಗೆ ತಂದ್ಕೊಟ್ಟೋರಿಗೆಲ್ಲಾ ಬೇರೆ ಡಬ್ಬ ಕೊಟ್ರು."

"ಯಾವ್ ಬೀದೀಲಿ ಸಾರಿದ್ರು ತಾಯಿ?"

"ಮಲ್ಲೇಶ್ವರ, ಬಸವನಗುಡಿ, ಜಯನಗರ..."

"ಹೂಣಿದ್ದು ನಾವೇ ಕಣವ್ವಾ. ನಮ್ಗೆ ಒಬ್ರೂ ಯೋಳ್ಲಿಲ್ಲ."

ಹೊತ್ತು ಮುಳುಗುವ ಮೊದಲೇ ಮಗು ಹೋಯಿತು. ಗೊತ್ತಾದರೆ ಬಸ್ಸಿನವನು ಇಳಿಸಿಬಿಡುತ್ತಾನೆಂದು ಪಾಪಮ್ಮ ಅದನ್ನು ಎದೆಗೊತ್ತಿಕೊಂಡು, ಮೊಲೆಯೂಡಿಸುವವಳಂತೆ ಸೆರಗು ಮುಚ್ಚಿ, ಊರು ಬರುವವರೆಗೂ ತೊಡೆ ಅಲ್ಲಾಡಿಸುತ್ತ ಕೂತಿದ್ದಳು.

ಆಸ್ಪತ್ರೆಯವರು ಮೇಲಕ್ಕೆ ಕಾಗದ ಬರೆದರು. ವಾರದೊಳಗೆ ಕೇರಿಗೆ ಜೀಪು ಬಂತು. ಸಂಜೀವಪ್ಪ ಇಳಿದ, ಹಿಂದಿನಿಂದ ಅಪ್ಪಯ್ಯಣ್ಣ.

"ಡಬ್ಬ ಎಲ್ಲಿಂದ ತಂದೆ?"

"ಗುಂಡೀಲಿತ್ತು ಸ್ವಾಮಿ."

"ಗುಂಡೀಲಿ ಹೇಗಿರುತ್ತೆ? ಎಲ್ಲಾ ತೂತು ಹೊಡೆದು ಸುಟ್ಟು ಹೂಳಿದ್ದೀವಿ. ಇಲ್ನೋಡು, ನಿನ್ನದೇ ಹೆಬ್ಬೆಟ್ಟು." ಅವನು ಇನ್ನೊಂದು ಕಾಗದ ತೆಗೆದ. "ಇದಕ್ಕೂ ಒಂದು ಒತ್ತು. ಮಗು ಬಾಲಗ್ರಹದಿಂದ ಸತ್ತಿದ್ದು, ನಾವು ಯಾವ ಡಬ್ಬದ ಹಾಲೂ ಕುಡಿಸಿಲ್ಲ ಅಂತ."

"ಒತ್ತೇ ಮುಂಡೆ," ಎಂದ ಅಪ್ಪಯ್ಯಣ್ಣ. "ಇಲ್ದಿದ್ರೆ ನನ್ ಹೊಲದಾಗೆ ಕದ್ರು ಅಂತ ಕೇಸು ಹಾಕ್ಸಿ ನಿನ್ ಗಂಡುನ್ನ ಒಳಗ್ ತಳ್ಳುಸ್ತೀನಿ."

ಮುನಿತಾಯಮ್ಮ ಮೂಲೆಯಲ್ಲಿದ್ದ ಗುದ್ದಲಿ ಎತ್ತಿಕೊಂಡಳು. "ಬನ್ನಿ, ಅಗ್ದು ತೋರುಸ್ತೀನಿ."

ಕೇರಿಗೆ ಕೇರಿಯೇ ಹಿಂದೆ ನಡೆಯಿತು. ಅವಳು ಅಗೆದಳು. ಮುರಿದ ಹಲಗೆ ಸಿಕ್ಕಿತು, ಹುಲ್ಲು ಸಿಕ್ಕಿತು. ಸೊಣ್ಣಪ್ಪನೂ ಇಳಿದು ಅಗೆದ. ಡಬ್ಬಗಳಿರಲಿಲ್ಲ. ಗುಂಡಿಯ ಅಂಚಿನಿಂದ ಹೆದ್ದಾರಿಯವರೆಗೆ ಗಾಡಿಯ ಚಕ್ರ ಆಳವಾಗಿ ಹೂತ ಗುರುತಿತ್ತು. ಅಪ್ಪಯ್ಯಣ್ಣ ಬೀಡಿ ಹಚ್ಚಿದ.

ಸಂಜೀವಪ್ಪ ಚಕ್ರದ ಗುರುತನ್ನು ದಾಟಿ ನಿಂತು ಬರೆದುಕೊಂಡ. "ಸ್ಥಳ ಪರಿಶೀಲನೆ ಮಾಡಿದೆ. ಒಂದೂ ಡಬ್ಬ ಇಲ್ಲ. ಎಲ್ಲಾ ನಾಶ ಆಗಿದೆ. ಒತ್ತಮ್ಮ ಈಗ."

ಮುನಿತಾಯಮ್ಮ ಕಾಗದವನ್ನು ಕಿತ್ತುಕೊಂಡಳು. ಬಾಯಿಗೆ ತುರುಕಿ, ಚೆನ್ನಾಗಿ ಅಗಿದು, ಅವನ ಬೂಟಿನ ಮೇಲೆ ಉಗಿದಳು.

ಸೊಣ್ಣಪ್ಪನನ್ನು ಅದೇ ಜೀಪಿನಲ್ಲಿ ಠಾಣೆಗೆ ಒಯ್ದರು.

ಎರಡು ದಿನ ಬಿಟ್ಟು ಅಳಿಯ ರಾಮಾಂಜಿನಪ್ಪ ಸಾಸಲಿನಿಂದ ಬಂದ. ಸುದ್ದಿ ಅವನಿಗೆ ತಡವಾಗಿ ಮುಟ್ಟಿತ್ತು. ಗುಡಿಸಲೊಳಗೆ ಕೂತವನ ಕಣ್ಣು ಮೂಲೆಯ ಡಬ್ಬದ ಮೇಲೆ ಬಿತ್ತು.

"ಅತ್ತೆ, ಇಂಥವನ್ನ ನಮ್ ಸಂತೇಲಿ ಗುಡ್ಡೆ ಹಾಕ್ಕೊಂಡು ಮಾರ್ತಾವ್ರೆ. ಚಿಲ್ರೆ ಕಾಸಿಗೆ. ಜನ ಮುಗಿಬಿದ್ದವ್ರೆ."

ಮುನಿತಾಯಮ್ಮ ಗೋಡೆಯ ಗೂಟದಲ್ಲಿದ್ದ ಗಂಡನ ತಮಟೆಯನ್ನು ಇಳಿಸಿದಳು. ಹೆಂಗಸು ತಮಟೆ ಮುಟ್ಟಿದ್ದನ್ನು ಕೇರಿಯವರು ಕಂಡಿರಲಿಲ್ಲ. ಯಾರೂ ತಡೆಯಲಿಲ್ಲ.

ಸಂತೆಯ ದಿನ ಅವಳು ಸಾಸಲಿನಲ್ಲಿ ನಿಂತು ಬಡಿದಳು. ತಾಳ ಗೊತ್ತಿರಲಿಲ್ಲ, ಸುಮ್ಮನೆ ಬಡಿದಳು.

"ಡಬ್ಬದ ಹಾಲು ತಗೋಬ್ಯಾಡ್ರವ್ವಾ! ಅದ್ರಾಗೆ ವಿಷ ಐತೆ! ನನ್ ಮೊಮ್ಮಗ ಕುಡ್ದು ಸತ್ತೋದ!"

"ಯಾವ್ದೋ ತಿಕ್ಲು," ಎಂದು ಒಬ್ಬ ನಕ್ಕ. ಡಬ್ಬ ಮಾರುವವನು ಅವಳನ್ನು ತಳ್ಳಿಸಿದ. ಅವಳು ಹತ್ತು ಹೆಜ್ಜೆ ಆಚೆ ನಿಂತು ಮತ್ತೆ ಕೂಗಿದಳು. ಗಂಟಲು ಒಡೆದು ಕೂಗು ನಿಂತಾಗ, ಕಂಕುಳಲ್ಲಿ ಎಲುಬಿನ ಗೂಡಿನಂಥ ಕೂಸನ್ನು ಹೊತ್ತ ಹೆಂಗಸೊಬ್ಬಳು ಹತ್ತಿರ ಬಂದಳು.

"ಅವ್ವಾ, ಆ ಡಬ್ಬ ಎಲ್ಲಿ ಮಾರ್ತಾವ್ರೆ?"

"ಇಷ್ಟೊತ್ತೂ ಯೋಳಿದ್ ಕೇಳ್ಲಿಲ್ವೇನೇ? ವಿಷ ಕಣೇ ಅದು!"

"ಕೇಳುಸ್ತು ಕಣವ್ವಾ." ಆ ಹೆಂಗಸು ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು. "ಇದು ನಿನ್ನೆಯಿಂದ ಕಣ್ಣೇ ಬಿಟ್ಟಿಲ್ಲ."

ಅವಳು ಗುಂಪಿನೊಳಗೆ ನುಗ್ಗಿ ಹೋದಳು. ಮುನಿತಾಯಮ್ಮ ಆ ಬೆನ್ನು ಮರೆಯಾಗುವವರೆಗೂ ನೋಡುತ್ತ, ತಮಟೆಯನ್ನು ಬರಿಗೈಯಿಂದ ಬಡಿಯುತ್ತಲೇ ಇದ್ದಳು.