ಸುಮೇಧಾಳ ಎಡಗೈ

ಹುಬ್ಬಳ್ಳಿಯಂಥ ಊರಿನಲ್ಲಿ ಗಾಡಿಗೆ ಹೀಟರ್ ಯಾಕಪ್ಪ ಎಂದು ನಗುವವರು ಒಮ್ಮೆ ಅರ್ಜುನಪ್ಪನ ವ್ಯಾನಿನಲ್ಲಿ ಕೂತು ನೋಡಬೇಕು. ಡಯಾಲಿಸಿಸ್ ಮುಗಿಸಿ ಬಂದವರಿಗೆ ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನದಲ್ಲೂ ಹಲ್ಲು ಕಟಕಟ ಅನ್ನುತ್ತವೆ. ನಾಲ್ಕು ತಾಸು ಮೈಯ ರಕ್ತವೆಲ್ಲ ಹೊರಗೆ ಹೋಗಿ, ಮಷಿನ್ನಿನಲ್ಲಿ ತೊಳೆಸಿಕೊಂಡು ಒಳಗೆ ಬಂದಿರುತ್ತದೆ, ಚಳಿ ಆಗದೆ ಏನಾದೀತು? ಅದರ ಮೇಲೆ ಡಿಸೆಂಬರಿನ ಧಾರವಾಡದ ಗಾಳಿ ಬೇರೆ.

ವ್ಯಾನು ಒಂದು ಟ್ರಸ್ಟಿನದು. ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಧಾರವಾಡದ ಪೇಷಂಟರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯುವುದು, ಮಧ್ಯಾಹ್ನ ತಿರುಗಿ ಮನೆಮನೆಗೆ ಬಿಡುವುದು, ಇಷ್ಟು ಅದರ ಕೆಲಸ. ಅರ್ಜುನಪ್ಪ ನಾಲ್ಕು ವರ್ಷದಿಂದ ಅದರ ಡ್ರೈವರು. ಐವತ್ತೆರಡರ ಆಳು, ಮಾತು ಕಡಿಮೆ, ಅಂಗೈ ಮಾತ್ರ ರೊಟ್ಟಿಯಷ್ಟು ಅಗಲ. ಯಾರಿಗೆ ಎಷ್ಟು ನೀರು ಕುಡಿಯಲು ಅನುಮತಿ, ಯಾರು ಬಾಳೆಹಣ್ಣು ತಿನ್ನಬಾರದು, ಎಲ್ಲವೂ ಅವನಿಗೆ ಬಾಯಿಪಾಠವಾಗಿತ್ತು. ಡಾಕ್ಟರಾಗಲು ಓದೊಂದು ಕಡಿಮೆ ಬಿದ್ದಿತ್ತು ಅಷ್ಟೇ.

ನವೆಂಬರ್ ಕೊನೆಗೆ ಹೀಟರಿನ ಫ್ಯಾನ್ ಕೈಕೊಟ್ಟಿತು. ಮೊದಲು ಅದರ ವೇಗದ ಗುಂಡಿಯ ಒಂದು, ಎರಡು, ಮೂರನೇ ನಂಬರು ಹೋದವು. ನಾಲ್ಕನೆಯದು ಒಂದು ವಾರ ಭೋರ್ ಎಂದು ಹೊಡೆದು ಅದೂ ಸುಮ್ಮನಾಯಿತು. ಹಳೇ ಹುಬ್ಬಳ್ಳಿಯ ಮೆಕ್ಯಾನಿಕ್ ಬಸವಕಿರಣ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತುರುಕಿ ನೋಡಿದ.

“ಕಾಕಾ, ಫ್ಯಾನಿನ ರೆಸಿಸ್ಟರ್ ಸುಟ್ಟೈತಿ. ಅದರ ಸಾಕೆಟ್ಟೂ ಕರಗೇತಿ. ಡ್ಯಾಶ್‌ಬೋರ್ಡ್ ಪೂರಾ ಬಿಚ್ಚಬೇಕು. ಎರಡು ದಿನಾ ಗಾಡಿ ಬಿಡ್ರಿ.”

“ಎರಡು ದಿನಾ ಬಿಟ್ರ ಇವರಿಗೆಲ್ಲಾ ಡಯಾಲಿಸಿಸ್ ನೀ ಮಾಡ್ತೀಯೇನು?” ಅರ್ಜುನಪ್ಪ ರೇಗಿದ.

ಬಸವಕಿರಣ ಹೊಸ ರೆಸಿಸ್ಟರನ್ನೂ ಸಾಕೆಟ್ಟನ್ನೂ ತಂದು ಕೈಗಿಟ್ಟ. ಕೈ ಸಣ್ಣದಿದ್ದರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಿಲ್ಲ, ಎಡಗಡೆ ಸೀಟಿನ ಎದುರಿನ ಡಬ್ಬಿ ತೆಗೆದು ಒಳಗೆ ಕೈ ಹಾಕಿದರೆ ಎರಡೇ ಸ್ಕ್ರೂ, ಒಂದು ಕಾಣುತ್ತದೆ, ಇನ್ನೊಂದು ಕಾಣುವುದಿಲ್ಲ, ಬೆರಳಿನಿಂದಲೇ ಹುಡುಕಬೇಕು ಎಂದ. ತನ್ನ ಕೈ ಹೋಗುವುದಿಲ್ಲ ಎಂದೂ ಹೇಳಿದ.

ಮುಂದಿನ ಎರಡು ವಾರ ಹಿಂದಿನ ಸೀಟಿನಲ್ಲಿ ಗೋದಾಬಾಯಿ ನಡುಗಿದರು. ಎಪ್ಪತ್ತೊಂದರ ಮುದುಕಿ, ಹಿಡಿಯಷ್ಟು ಜೀವ. ಕೌದಿ ಹೊದ್ದು, ಮೇಲೆ ಶಾಲು ಹೊದ್ದು, “ಏನೂ ಇಲ್ಲೋ ಅರ್ಜುನಾ, ನೀ ಸಾವಕಾಶ ಹೊಡಿ,” ಎನ್ನುವಾಗ ಅವರ ದನಿ ಮುರಿಮುರಿದು ಬರುತ್ತಿತ್ತು. ಅರ್ಜುನಪ್ಪನಿಗೆ ಕನ್ನಡಿಯಲ್ಲಿ ಹಿಂದೆ ನೋಡಲು ಮನಸ್ಸಾಗುತ್ತಿರಲಿಲ್ಲ.

ಅವರ ಪಕ್ಕದಲ್ಲಿ ಕೂಡುತ್ತಿದ್ದವಳು ಮಾಳಮಡ್ಡಿಯ ಸುಮೇಧಾ. ನಲವತ್ನಾಲ್ಕು ವರ್ಷ, ಮದುವೆ ಆಗಿಲ್ಲ, ತಮ್ಮ ಅತುಲನ ಮನೆಯಲ್ಲಿ ಇರುವುದು. ತಂದೆ ಇದ್ದಾಗ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ಇವಳು ಪರಕಾರ ತೊಡುವ ವಯಸ್ಸಿನಿಂದ ಅವರ ಎದುರು ಕೂತು ಸ್ವರಪಟ್ಟಿ ಬಿಚ್ಚಿ ಜೋಡಿಸಿದವಳು. ಕಿಡ್ನಿ ಹೋದ ಮೇಲೆ ಎಲ್ಲ ನಿಂತಿತು. ಅತುಲ ಕೆಟ್ಟವನಲ್ಲ, ಅಕ್ಕನೆಂದರೆ ಪ್ರಾಣ. ಆದರೆ ಪ್ರೀತಿ ಹೆಚ್ಚಾದ ಮನೆಯಲ್ಲಿ ಪೇಷಂಟಿಗೆ ತಂಬಿಗೆ ಎತ್ತುವ ಹಕ್ಕೂ ಇರುವುದಿಲ್ಲ. “ಅಕ್ಕಾ, ನೀ ಸುಮ್ನ ಕೂಡು,” ಎನ್ನುವ ಮಾತನ್ನು ಅವಳು ಮೂರು ವರ್ಷ ಕೇಳಿದ್ದಳು.

ಅವಳ ಎಡಗೈ ಮಾತ್ರ ನಿಜಕ್ಕೂ ಜೋಪಾನ ಮಾಡಬೇಕಾದ ಕೈ. ಮುಂಗೈಯಲ್ಲಿ ಎರಡು ರಕ್ತನಾಳ ಕೂಡಿಸಿ ಹೊಲಿದಿದ್ದರು, ಡಯಾಲಿಸಿಸ್ಸಿನ ಸೂಜಿ ಅಲ್ಲೇ ಚುಚ್ಚುವುದು. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಬೆರಳಿಟ್ಟರೆ ಒಳಗೆ ರಕ್ತ ಜುಂ ಎಂದು ಹರಿಯುವುದು ತಿಳಿಯುತ್ತದೆ. ಆ ಕೈಗೆ ಬಳೆ ಇಲ್ಲ, ವಾಚಿಲ್ಲ, ಭಾರವಿಲ್ಲ, ಒತ್ತಡವಂತೂ ಕೂಡದು. ಒತ್ತಿ ರಕ್ತ ಹೆಪ್ಪುಗಟ್ಟಿ ಜುಂ ನಿಂತರೆ ಡಯಾಲಿಸಿಸ್ಸಿಗೆ ಆ ಕೈ ಹೋದ ಹಾಗೆ. ಬಲಗೈಯಲ್ಲಿ ಒಮ್ಮೆ ಮಾಡಿ ಕೆಟ್ಟಿತ್ತು, ಉಳಿದದ್ದು ಇದೊಂದೇ.

ಒಂದು ಶುಕ್ರವಾರ ಇಳಿಯುವಾಗ ಸುಮೇಧಾ ಹೇಳಿದಳು: “ನಮ್ಮ ಅಪ್ಪನ ಉದ್ದನ್ನ ಸ್ಕ್ರೂಡ್ರೈವರ್ ಅವ. ರವಿವಾರ ಗಾಡಿ ಇಲ್ಲೇ ತರ್ರಿ.”

ರವಿವಾರ ಅವನು ವ್ಯಾನನ್ನು ಅವಳ ಮನೆಯ ಕಂಪೌಂಡಿನ ಬೇವಿನ ಗಿಡದ ಕೆಳಗೆ ನಿಲ್ಲಿಸಿದ. ಅತುಲ ಹೆಂಡತಿ ಮಕ್ಕಳನ್ನು ಕರಕೊಂಡು ಗದಗಿಗೆ ನಾಮಕರಣಕ್ಕೆ ಹೋಗಿದ್ದ, ಬರುವುದು ರಾತ್ರಿಗೆ. ಸುಮೇಧಾ ಬಟ್ಟೆಯಲ್ಲಿ ಸುತ್ತಿದ ಹತಾರಗಳನ್ನು ತಂದು ಮೆಟ್ಟಿಲ ಮೇಲೆ ಬಿಡಿಸಿದಳು. ಅರ್ಜುನಪ್ಪ ಡಬ್ಬಿ ತೆಗೆದ, ಕಾಣುವ ಸ್ಕ್ರೂ ಬಿಚ್ಚಿದ. ಅಲ್ಲಿಗೆ ಅವನ ಪರಾಕ್ರಮ ಮುಗಿಯಿತು. ಎರಡನೆಯದು ಫ್ಯಾನಿನ ಪೆಟ್ಟಿಗೆಯ ಹಿಂದೆ, ಗಾಡಿಯ ತಗಡಿಗೆ ಒತ್ತಿಕೊಂಡು, ಮೇಲುಮುಖವಾಗಿ ಕೂತಿತ್ತು. ಅವನ ಕೈ ಮಣಿಕಟ್ಟಿಗೇ ಸಿಕ್ಕಿಬಿತ್ತು. ಒಂದು ತಾಸು ಗುದ್ದಾಡಿ, ಬೆರಳಗೆಣ್ಣುಗಳ ತೊಗಲು ಸುಲಿದುಕೊಂಡು ಹೊರಗೆ ಬಂದ.

“ಸರೀರಿ,” ಎಂದಳು ಸುಮೇಧಾ. ಬಲಗೈ ಹಾಕಿದಳು. ಕೈ ಹೋಯಿತು, ಆದರೆ ಮಣಿಕಟ್ಟು ಸ್ಕ್ರೂ ಇದ್ದ ಕಡೆ ತಿರುಗಲಿಲ್ಲ. ಹೊರಗೆ ತೆಗೆದಳು. ಎಡಗೈಯ ತೋಳನ್ನು ಮೇಲೇರಿಸಿದಳು.

“ಬ್ಯಾಡ್ರಿ ಅಕ್ಕಾರ. ಆ ಕೈ ಬ್ಯಾಡ.”

“ಹತ್ತು ಮಿನಿಟು. ಬ್ಯಾಟ್ರಿ ಹಿಡೀರಿ.”

ಅರ್ಜುನಪ್ಪನಿಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದವನು ಮಾಡಿದ್ದರೆ ತಪ್ಪು ಅನ್ನಬಹುದು, ಇವನು ಮಾಡಿದ್ದಕ್ಕೆ ಏನನ್ನಬೇಕು? ಗೋದಾಬಾಯಿಯ ನಡುಕ ಅವನ ಕಣ್ಣೆದುರು ಇತ್ತು. ಸುಮೇಧಾಳ ಮುಖವೂ ಇತ್ತು. ಮೂರು ವರ್ಷದಲ್ಲಿ ಆ ಮುಖ ಇಷ್ಟು ಕಳೆಕಳೆಯಾಗಿ ಇದ್ದದ್ದನ್ನು ಅವನು ನೋಡಿರಲಿಲ್ಲ. ಅವನು ಬ್ಯಾಟರಿ ಹಿಡಿದ.

ಹತ್ತು ಮಿನಿಟು ನಲವತ್ತಾಯಿತು. ಅವಳು ಕೆನ್ನೆಯನ್ನು ಡ್ಯಾಶ್‌ಬೋರ್ಡಿಗೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದಳು, ಕೈ ಮೊಣಕೈವರೆಗೆ ಒಳಗಿತ್ತು. “ಸಿಕ್ತು... ತಡೀರಿ... ಬಂತು.” ಸುಟ್ಟ ರೆಸಿಸ್ಟರನ್ನು ಹೊರಗೆ ತೆಗೆದು ಅವನ ಅಂಗೈಗೆ ಹಾಕಿದಳು. ಸಾಕೆಟ್ಟಿನ ವೈರುಗಳು ಕೈಗೆ ಬರುವಷ್ಟು ಉದ್ದವಿದ್ದವು, ಅದನ್ನು ಹೊರಗೆಳೆದು ಅವನೇ ಬದಲಿಸಿದ. ಹೊಸ ರೆಸಿಸ್ಟರ್ ಕೂರಿಸಲು ಮತ್ತೆ ಅದೇ ಕೈ ಒಳಗೆ ಹೋಯಿತು. ಕಡೆಗೆ ಗುಂಡಿ ತಿರುಗಿಸಿದಾಗ ಒಂದನೇ ನಂಬರಿಗೆ ಮೆಲ್ಲಗೆ, ಎರಡಕ್ಕೆ ಜೋರಾಗಿ ಗಾಳಿ ಬಂತು. ಸುಮೇಧಾ ಮಕ್ಕಳ ಹಾಗೆ ನಕ್ಕಳು. ಅರ್ಜುನಪ್ಪನೂ ನಕ್ಕ.

ಆಮೇಲೆ ಅವನ ಕಣ್ಣು ಅವಳ ಮುಂಗೈ ಮೇಲೆ ಬಿತ್ತು. ಹೊಲಿಗೆಯ ಗುರುತಿನ ಮೇಲೆಯೇ ತಗಡಿನ ಅಂಚು ಒತ್ತಿ ಒಂದು ಆಳವಾದ ಗೆರೆ ಮೂಡಿತ್ತು. ಅವಳು ಬಲಗೈ ಬೆರಳಿಟ್ಟು ಒತ್ತಿ ನೋಡಿದಳು. ತುಸು ಮೇಲೆ ಸರಿಸಿ ನೋಡಿದಳು.

“ಜುಂ ಐತೇನ್ರಿ ಅಕ್ಕಾರ?”

“ಅದ,” ಎಂದು ತೋಳು ಇಳಿಸಿದಳು.

ಆಗ ಮಧ್ಯಾಹ್ನ ಎರಡು ಗಂಟೆ. ವ್ಯಾನು ಎದುರಿಗೇ ಇತ್ತು, ಆಸ್ಪತ್ರೆ ಮುಕ್ಕಾಲು ತಾಸಿನ ದಾರಿ. ತನ್ನ ಎರಡು ಬೆರಳು ಅವಳ ಮುಂಗೈ ಮೇಲೆ ಇಟ್ಟಿದ್ದರೆ ಅವನಿಗೂ ತಿಳಿಯುತ್ತಿತ್ತು. ಗೋದಾಬಾಯಿಯ ಕೈಯಾಗಿದ್ದರೆ ಇಟ್ಟೇಬಿಡುತ್ತಿದ್ದ. ಆದರೆ ಮಾಳಮಡ್ಡಿಯ ಓಣಿಯಲ್ಲಿ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಮದುವೆಯಾಗದ ಹೆಣ್ಣುಮಗಳ ಕೈ ಹಿಡಿಯಲು ಡ್ರೈವರ್ ಅರ್ಜುನಪ್ಪನಿಗೆ ಧೈರ್ಯ ಎಲ್ಲಿಂದ ಬರಬೇಕು? ಎದುರಿನ ಮನೆಯ ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಮೆಂತ್ಯ ಸೊಪ್ಪು ಸೋಸುತ್ತ ಇತ್ತಲೇ ನೋಡುತ್ತಿದ್ದರು. ಮರ್ಯಾದಸ್ಥ ಮನುಷ್ಯ, ಎರಡು ಹೆಜ್ಜೆ ದೂರ ನಿಂತು ಬಾಯಿಂದ ಕೇಳಿದ, ಬಾಯಿಂದ ಬಂದ ಉತ್ತರ ನಂಬಿದ. ಡಬ್ಬಿ ಜೋಡಿಸಿ ಮನೆಗೆ ಹೋದ.

ಸೋಮವಾರ ಬೆಳಿಗ್ಗೆ ಹೀಟರ್ ಚಾಲೂ ಮಾಡಿಕೊಂಡೇ ಹೋದ. ಸುಮೇಧಾ ಎಡಗೈ ಮೇಲೆ ಶಾಲು ಹೊದ್ದು ಹತ್ತಿದಳು. ಆಸ್ಪತ್ರೆಯಲ್ಲಿ ಅವನು ಗೋದಾಬಾಯಿಯನ್ನು ಹಾಸಿಗೆಗೆ ಮುಟ್ಟಿಸುವಾಗ, ಪಕ್ಕದ ಹಾಸಿಗೆಯ ಹತ್ತಿರ ಟೆಕ್ನಿಶಿಯನ್ ಸುಮೇಧಾಳ ಮುಂಗೈಗೆ ಸ್ಟೆತಸ್ಕೋಪ್ ಇಟ್ಟ. ಇನ್ನೊಂದು ಕಡೆ ಇಟ್ಟ. ಕಿವಿಯಿಂದ ತೆಗೆದು ಡಾಕ್ಟರನ್ನು ಕರೆದ.

“ಯಾವಾಗಿಂದ ನಿಂತದರಿ?” ಡಾಕ್ಟರು ಕೇಳಿದರು.

“ರಾತ್ರಿ ಮಲಗೋವಾಗ ಇತ್ತರಿ. ಕೈ ಮ್ಯಾಲೆ ಮಲಕೊಂಡಿರಬೇಕು.”

ಅರ್ಜುನಪ್ಪನ ಎದೆ ಧಸಕ್ ಎಂದಿತು. ಇಂಥದರಲ್ಲಿ ಒಂದೊಂದು ತಾಸಿಗೂ ಲೆಕ್ಕವಿದೆ ಎಂದು ಅವನು ಇದೇ ವಾರ್ಡಿನಲ್ಲಿ ಎಷ್ಟೋ ಸಲ ಕೇಳಿದ್ದ. “ಇಲ್ರಿ ಸರ್,” ಎಂದುಬಿಟ್ಟ. “ನಿನ್ನೆ ಮಧ್ಯಾಹ್ನ ಗಾಡ್ಯಾಗ ಕೈ ಒತ್ತೇತ್ರಿ. ಬ್ಯಾಟ್ರಿ ಹಿಡದಾಂವ ನಾನs.”

ಸುಮೇಧಾ ಅವನನ್ನು ನೋಡಿದಳು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಇತ್ತು ಆ ನೋಟದಲ್ಲಿ. “ನಿಮ್ಮನ್ನ ಯಾರು ಕೇಳಿದ್ರು, ಅರ್ಜುನಪ್ಪನವರ?” ಎಂದಳು.

ಕೂಡಲೇ ಆಪರೇಶನ್ನಿಗೆ ಒಯ್ದರು. ಹೆಪ್ಪು ತೆಗೆದರು, ಮತ್ತೆ ಕಟ್ಟಿತು. ಮಧ್ಯಾಹ್ನದ ಹೊತ್ತಿಗೆ ಕೈ ಬಿಟ್ಟು ಡಯಾಲಿಸಿಸ್ಸಿಗಾಗಿ ಕುತ್ತಿಗೆಗೆ ನಳಿಕೆ ಹಾಕಿದರು. ನಿನ್ನೆಯೇ ಬಂದಿದ್ದರೆ ಉಳಿಯುತ್ತಿತ್ತೇನೋ ಎಂದು ಡಾಕ್ಟರು ಸುದ್ದಿ ತಿಳಿದು ಓಡಿಬಂದಿದ್ದ ಅತುಲನ ಮುಂದೆ ಹೇಳಿದರು, ಕೈ ಹೇಗೆ ಒತ್ತಿತೆಂಬುದನ್ನೂ ಹೇಳಿದರು. ಅತುಲ ಬೈದಿದ್ದರೆ ಅರ್ಜುನಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ. “ಇನ್ನ ನೀವು ನಮ್ಮನಿಗೆ ಬರೂದು ಬ್ಯಾಡ್ರಿ. ಅಕ್ಕನ್ನ ನಾನs ಕರಕೊಂಡು ಬರ್ತೀನಿ. ಅಪ್ಪನ ಹತಾರ ಎಲ್ಲಾ ಇವತ್ತs ಯಾರಿಗಾದ್ರೂ ಕೊಟ್ಟುಬಿಡ್ತೀನಿ,” ಎಂದ.

ಸುಮೇಧಾ ಹೆದರಿದ್ದು ಇದಕ್ಕೆ ಎಂದು ಅರ್ಜುನಪ್ಪನಿಗೆ ಆಗ ಹೊಳೆಯಿತು. ಸುಳ್ಳು ಹೇಳಿದ್ದರೂ ಕೈ ಉಳಿಯುತ್ತಿರಲಿಲ್ಲ. ಖರೆ ಹೇಳಿದ್ದಕ್ಕೆ ಉಳಿದದ್ದೂ ಹೋಯಿತು. ವಾರಕ್ಕೆ ಮೂರು ದಿನ ಈ ವ್ಯಾನಿನಲ್ಲಾದರೂ ಅವಳಿಗೆ ‘ಸುಮ್ನ ಕೂಡು’ ಎನ್ನುವವರು ಇರಲಿಲ್ಲ.

ಬುಧವಾರ ಅವನು ಹೀಟರ್ ಹಚ್ಚಲಿಲ್ಲ, ಶುಕ್ರವಾರವೂ ಇಲ್ಲ. ಗುಂಡಿಯ ಹತ್ತಿರ ಒಯ್ದ ಕೈಯನ್ನು ಹಿಂದೆ ತೆಗೆದು ಗೇರಿನ ಮೇಲಿಡುತ್ತಿದ್ದ.

“ರಿಪೇರಿ ಆಗ್ಯದಲ್ಲೋ ಅರ್ಜುನಾ, ಹಚ್ಚವಲ್ಲಿ ಯಾಕ?” ಗೋದಾಬಾಯಿ ಕೌದಿಯೊಳಗಿಂದ ಕೇಳಿದರು.

“ಇನ್ನೊಂದೀಟು ಕೆಲಸ ಐತ್ರಿ ಅವ್ವಾರ.”

ಆ ಶುಕ್ರವಾರ ಮಧ್ಯಾಹ್ನ ತಿರುಗಿ ಬರುವಾಗ ಉಣಕಲ್ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಬಲಗಡೆ ಒಂದು ಬಿಳಿ ಕಾರು ಬಂದು ನಿಂತಿತು. ನಡೆಸುತ್ತಿದ್ದವನು ಅತುಲ, ಹಿಂದೆ ಸುಮೇಧಾ. ಕುತ್ತಿಗೆಗೆ ಬಿಳಿ ಪಟ್ಟಿ, ಎರಡೂ ಕೈ ತೊಡೆಯ ಮೇಲೆ. ಅರ್ಜುನಪ್ಪ ಮುಖ ತಿರುಗಿಸಬೇಕು ಎನ್ನುವಷ್ಟರಲ್ಲಿ ಅವಳು ಕಿಟಕಿಯ ಕಾಚು ಇಳಿಸಿದಳು.

“ಒಂದನೇ ನಂಬರಿಗೂ ಹೊಡೀತದೇನ್ರಿ?”

“ಹೊಡೀತೈತ್ರಿ ಅಕ್ಕಾರ. ಭಾಳ ಛಲೋ ಹೊಡೀತೈತಿ.”

ಅವಳು ತಲೆಯಾಡಿಸಿದಳು. ಅತುಲ ಮುಂದಿನಿಂದ ಏನೋ ಅಂದ, ಕಾಚು ಮೇಲೇರಿತು, ಹಸಿರು ಬಿದ್ದು ಕಾರು ಮುಂದೆ ಹೋಯಿತು. ಹಿಂದಿನವರು ಹಾರ್ನ್ ಹೊಡೆದರೂ ಅರ್ಜುನಪ್ಪ ಗಾಡಿ ಎತ್ತಲಿಲ್ಲ. ಮೊದಲು ಗುಂಡಿಯನ್ನು ಒಂದನೇ ನಂಬರಿಗೆ ತಿರುಗಿಸಿದ. ಆಮೇಲೆ ಕ್ಲಚ್ ಬಿಟ್ಟ. ಕಣ್ಣು ಮಂಜಾಗಿ ರಸ್ತೆ ಸರಿಯಾಗಿ ಕಾಣಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಗೋದಾಬಾಯಿಯ ದನಿ ಕೇಳಿತು. ನಡುಕ ಇರಲಿಲ್ಲ.

“ಕಾಲು ಬೆಚ್ಚಗಾದ್ವೋ ಅರ್ಜುನಾ. ಸುಮೇಧಾ ಸಿಕ್ರ ಹೇಳು.”

“ಹೇಳ್ತೇನ್ರಿ,” ಎಂದ ಅರ್ಜುನಪ್ಪ. ಬಿಳಿ ಕಾರು ಆಗಲೇ ಕಣ್ಮರೆಯಾಗಿತ್ತು.